ಪಾಚಿ ಮೇಯುವವರು ಬೇಕಾಗಿದ್ದಾರೆ

ಹೊಸದಾಗಿ ಗಿಡ ನೆಟ್ಟ ಮೀನಿನ ತೊಟ್ಟಿಯಲ್ಲಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಕಂದು ಬಣ್ಣದ ಪದರ ಕೂರುತ್ತದೆ. ಅದರ ಹಿಂದೆಯೇ ಎಲೆಯಂಚಿಗೆ ಹಸಿರು ಎಳೆಗಳು. ಗಾಬರಿಬಿದ್ದು ಅಂಗಡಿಗೆ ಹೋದರೆ ಸಿಗುವ ಪರಿಹಾರ ಬಹುತೇಕ ಎಲ್ಲ ಕಡೆ ಒಂದೇ: ‘ಒಂದು ಸಕ್ಕರ್ ಬಿಡಿ ಸಾರ್, ಎಲ್ಲ ಕ್ಲೀನ್ ಮಾಡುತ್ತೆ.’ ಬೆರಳುದ್ದದ, ಮೈತುಂಬ ಚುಕ್ಕೆಯಿರುವ, ಗಾಜಿಗೆ ಬಾಯಿ ಕಚ್ಚಿಕೊಂಡು ಕೂತ ಆ ಮೀನು ಅಗ್ಗ, ನೋಡಲೂ ಮೋಜು. ಆದರೆ ಚಿಕ್ಕ ತೊಟ್ಟಿಗೆ ಅದಕ್ಕಿಂತ ತಪ್ಪಾದ ಆಯ್ಕೆ ಇನ್ನೊಂದಿಲ್ಲ.

ದಕ್ಷಿಣ ಅಮೆರಿಕ ಮೂಲದ ಈ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಬೆಳೆದಂತೆ ಪಾಚಿಯ ಮೇಲಿನ ಪ್ರೀತಿ ಕಡಿಮೆಯಾಗಿ, ಬೇರೆ ಮೀನುಗಳಿಗೆ ಹಾಕಿದ ಆಹಾರಕ್ಕೇ ಕೈ ಹಾಕುತ್ತದೆ. ನೆಟ್ಟ ಗಿಡವನ್ನು ಬಾಲ ಬೀಸಿ ಕೀಳುತ್ತದೆ. ಅದು ಹಾಕುವ ಹಿಕ್ಕೆಯೇ ಮುಂದಿನ ಪಾಚಿಗೆ ಗೊಬ್ಬರ. ಕೊನೆಗೆ ಸಾಕಲಾಗದೆ ಯಾರೋ ಅದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದುಕೊಳ್ಳುತ್ತಾರೆ. ಕೇರಳ, ಆಂಧ್ರ, ಪಶ್ಚಿಮ ಬಂಗಾಳದ ನೀರಿನಲ್ಲಿ ಅದು ಈಗ ಬೀಡುಬಿಟ್ಟಿದೆ. ದಡದಲ್ಲಿ ಬಿಲ ತೋಡುತ್ತದೆ, ಮುಳ್ಳಿನ ಮೈಯಿಂದ ಮೀನುಗಾರರ ಬಲೆ ಹರಿಯುತ್ತದೆ.

ಹಾಗಾದರೆ ಯಾರನ್ನು ತರಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ಮೊದಲ ಹೆಸರು ಜಪಾನಿನ ತಕಾಶಿ ಅಮಾನೊ ಅವರದು. 1954ರಲ್ಲಿ ನಿಗಾಟದಲ್ಲಿ ಹುಟ್ಟಿದ ಅಮಾನೊ ವೃತ್ತಿಪರ ಸೈಕಲ್ ಪಂದ್ಯಗಾರರಾಗಿದ್ದವರು, ಆಮೇಲೆ ಛಾಯಾಗ್ರಾಹಕರಾದರು. ಕಾಡು, ಬೆಟ್ಟ, ಹುಲ್ಲುಗಾವಲಿನ ನೋಟವನ್ನು ಜೀವಂತ ಗಿಡ, ಕಲ್ಲು, ಕೊರಡುಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಟ್ಟುವ ಕಲೆಯನ್ನು ಜಗತ್ತಿಗೆ ಹಬ್ಬಿಸಿದವರು ಅವರು. 1982ರಲ್ಲಿ ಅದಕ್ಕಾಗಿಯೇ ಕಂಪನಿ ಕಟ್ಟಿದರು. 2015ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಲಿಸ್ಬನ್‌ನ ಮತ್ಸ್ಯಾಲಯದಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ಕಾಡನ್ನೇ ನಿರ್ಮಿಸಿಕೊಟ್ಟರು. ಅವರ ಆರಂಭದ ತಲೆನೋವೂ ನಮ್ಮದೇ: ಪಾಚಿ. ಅದಕ್ಕಾಗಿ 80ರ ದಶಕದ ಆರಂಭದಲ್ಲಿ ಅವರು ಆರಿಸಿಕೊಂಡದ್ದು ಜಪಾನಿನ ತೊರೆಗಳ ಒಂದು ಸಿಗಡಿಯನ್ನು. ಇಂದು ಅಂಗಡಿಗಳಲ್ಲಿ ಅದರ ಹೆಸರೇ ಅಮಾನೊ ಸಿಗಡಿ.

ಹೆಣ್ಣು ಎರಡಂಗುಲದವರೆಗೆ ಬೆಳೆಯುತ್ತದೆ, ಗಂಡು ತುಸು ಚಿಕ್ಕದು. ಪಾರದರ್ಶಕ ಮೈ, ಪಕ್ಕದಲ್ಲಿ ಕಂದುಗೆಂಪು ಗುರುತು. ಗಂಡಿಗೆ ಅದು ಚುಕ್ಕೆ, ಹೆಣ್ಣಿಗೆ ಉದ್ದುದ್ದ ಗೀಟು. ಎಳೆಪಾಚಿ ಹಿಡಿದ ಎಲೆಯ ಮೇಲೆ ಇದು ಕೂತಾಗ ಹತ್ತಿರದಿಂದ ನೋಡಬೇಕು. ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಕಂಡೂ ಕಾಣದ ಇಕ್ಕುಳಗಳಿವೆ. ಒಂದು ಕಿತ್ತು ಬಾಯಿಗಿಡುವಷ್ಟರಲ್ಲಿ ಇನ್ನೊಂದು ಮುಂದಿನ ಎಳೆಗೆ ಚಾಚಿರುತ್ತದೆ. ಎಲೆಗೆ ಗಾಯವಿಲ್ಲ, ಗಿಡ ಅಲ್ಲಾಡುವುದಿಲ್ಲ. ಇದರ ಮರಿಗಳಿಗೆ ಉಪ್ಪುನೀರು ಬೇಕು. ತವರಿನ ತೊರೆಯಲ್ಲಿ ಹುಟ್ಟಿದವು ಹರಿವಿನೊಂದಿಗೆ ಸಮುದ್ರ ಸೇರಿ, ಬೆಳೆದ ಮೇಲೆ ಹೊಳೆ ಹತ್ತಿ ಬರುತ್ತವೆ. ಆದ್ದರಿಂದ ನಮ್ಮ ತೊಟ್ಟಿಯಲ್ಲಿ ಹೊಟ್ಟೆತುಂಬ ಮೊಟ್ಟೆ ಹೊತ್ತು ತಿರುಗಿದರೂ ಸಂತಾನ ಹೆಚ್ಚುವುದಿಲ್ಲ. ಸಣ್ಣ ತೊಟ್ಟಿಯವರಿಗೆ ಇದೊಂದು ಅನುಕೂಲವೇ.

ಕೆಂಪು ಚೆರ್ರಿ ಸಿಗಡಿಯದು ಇದಕ್ಕೆ ತದ್ವಿರುದ್ಧ. ಒಂದಂಗುಲದ ಜೀವ, ಕೆಲಸವೂ ಹಗುರ. ಆದರೆ ಸಿಹಿನೀರಿನಲ್ಲೇ ಮರಿಮಾಡಿ, ಪಾಚಿಗಿಂತ ತಾನೇ ಹೆಚ್ಚು ಹಬ್ಬುತ್ತದೆ. ಚೆಲುವಿಗಾಗಿ ಸಾಕಿ, ದುಡಿಮೆಗಾಗಿ ಅಲ್ಲ. ಏಂಜೆಲ್ ಮೀನು ಇರುವಲ್ಲಿ ಯಾವ ಸಿಗಡಿಯನ್ನೂ ಬಿಡಬೇಡಿ. ಅದು ದುಬಾರಿ ಊಟವಾಗುತ್ತದೆ.

ಗಾಜು, ಕಲ್ಲಿಗೆ ಅಂಟಿದ ಗಟ್ಟಿ ಹಸಿರು ಚುಕ್ಕೆಗಳನ್ನು ಸಿಗಡಿ ಮುಟ್ಟುವುದಿಲ್ಲ. ಅದಕ್ಕೆ ನೆರೈಟ್ ಬಸವನಹುಳುವೇ ಆಗಬೇಕು. ಸಾಲುಸಾಲು ಹಲ್ಲಿನ ನಾಲಿಗೆಯಿಂದ ಅದು ಕೆರೆದುಕೊಂಡು ಹೋದ ದಾರಿ ಪಾಚಿಗಟ್ಟಿದ ಗಾಜಿನ ಮೇಲೆ ಅಂಕುಡೊಂಕಾಗಿ ಎದ್ದು ಕಾಣುತ್ತದೆ. ಇದರ ಮರಿಗೂ ಉಪ್ಪುನೀರೇ ಬೇಕಾದ್ದರಿಂದ ಬೇರೆ ಬಸವನಹುಳುಗಳಂತೆ ತೊಟ್ಟಿ ತುಂಬುವ ಭಯವಿಲ್ಲ. ಒಂದೇ ಕಿರಿಕಿರಿ: ಕಲ್ಲು, ಕೊರಡುಗಳ ಮೇಲೆಲ್ಲ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸಿಬಿಡುತ್ತದೆ, ಅವು ಒಡೆಯುವುದೂ ಇಲ್ಲ, ಸುಲಭಕ್ಕೆ ಹೋಗುವುದೂ ಇಲ್ಲ. ನೋಟದ ಶುದ್ಧಿಗೆ ಪ್ರಾಣ ಬಿಡುವವರು ಯೋಚಿಸಿ ತರಲಿ.

ಒಟ್ಟೊ ಎಂದು ಕರೆಯುವ ಒಟೊಸಿಂಕ್ಲಸ್ ಮೀನು ಒಂದೂವರೆ ಅಂಗುಲದ ಆಸುಪಾಸು. ಎಲೆಯ ಮೇಲಿನ ಕಂದು ಪಾಚಿಯನ್ನು ಒರೆಸಿದಂತೆ ತಿನ್ನುತ್ತದೆ. ಆದರೆ ಇದು ಹೆಚ್ಚಾಗಿ ಹೊಳೆಯಿಂದ ಹಿಡಿದು ತಂದ ಮೀನು. ಪ್ರಯಾಣದಲ್ಲಿ ಹಸಿದು ಸೊರಗಿ ಅಂಗಡಿ ಸೇರಿರುತ್ತದೆ. ಕೊಳ್ಳುವಾಗ ಹೊಟ್ಟೆ ನೋಡಿ, ಗುಂಡಗಿರಬೇಕು, ಒಳಸೇರಿದ್ದರೆ ಬೇಡ. ಗುಂಪಿನಲ್ಲಿ ಬದುಕುವ ಜೀವಿಯಾದ್ದರಿಂದ ಒಂಟಿಯಾಗಿ ತರಬಾರದು, ತೊಟ್ಟಿ ಮೂರು ತಿಂಗಳಾದರೂ ಹಳೆಯದಾಗಿರಬೇಕು. ಪಾಚಿ ಮುಗಿದ ಮೇಲೆ ಬೇಯಿಸಿದ ಸೌತೆಕಾಯಿ ಹೋಳನ್ನೋ ಪಾಲಕ್ ಎಲೆಯನ್ನೋ ಇಳಿಬಿಡುವ ಜವಾಬ್ದಾರಿ ಸಾಕಿದವರದು.

ಹೊಂಬಣ್ಣದ ಚೈನೀಸ್ ಆಲ್ಗೀ ಈಟರ್ ಎಂಬ ಇನ್ನೊಂದು ಮೀನನ್ನು ಅಂಗಡಿಯವರು ಆಸೆಯಿಂದ ತೋರಿಸುತ್ತಾರೆ. ಮರಿಯಿದ್ದಾಗ ಸಾಧು, ಬಲಿತ ಮೇಲೆ ಬೇರೆ ಮೀನುಗಳ ಪಕ್ಕೆಗೆ ಕಚ್ಚಿಕೊಂಡು ಲೋಳೆ ಹೀರುವ ಕೇಡಿ. ಬೇಡ. ಕಪ್ಪು ಗಡ್ಡದಂಥ ಪಾಚಿಯನ್ನು ನಿಜವಾಗಿ ತಿನ್ನುವುದು ಸಯಾಮೀಸ್ ಆಲ್ಗೀ ಈಟರ್, ಆದರೆ ಅದು ಅರ್ಧ ಅಡಿ ಬೆಳೆಯುವ ಓಟಗಾರ. ಎರಡಡಿ ತೊಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಪಾಚಿ ಹಿಡಿದ ಆ ಎಲೆಗಳನ್ನೇ ಕತ್ತರಿಸಿ ತೆಗೆಯುವುದು ಮೇಲು. ಹಾಸಿನಂತೆ ಹರಡಿ ನಾರುವ ನೀಲಿಹಸಿರು ಲೋಳೆಯನ್ನು ಇಲ್ಲಿ ಹೇಳಿದ ಯಾರೂ ತಿನ್ನರು. ಅದು ನಿಜಕ್ಕೆ ಪಾಚಿಯಲ್ಲ, ಬ್ಯಾಕ್ಟೀರಿಯಾ.

ಯಾವ ಜೀವಿಯನ್ನು ತಂದರೂ ದೀಪ ಹನ್ನೆರಡು ತಾಸು ಉರಿಯುತ್ತಿದ್ದರೆ ಪ್ರಯೋಜನವಿಲ್ಲ. ಆರೇಳು ತಾಸು ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಆಹಾರ ಹಿಡಿತದಲ್ಲಿಡಿ. ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರು ಬಸವನಹುಳುವಿನ ಚಿಪ್ಪಿಗೆ ಒಳ್ಳೆಯದು. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬಾರದು. ತಾಮ್ರದ ಹಂಡೆಯ ನೀರು ನಮಗೆ ಎಷ್ಟೇ ಹಿತವಾಗಲಿ, ಸಿಗಡಿಗೆ ತಾಮ್ರ ವಿಷ. ಮೀನಿನ ಕೆಲವು ಔಷಧಗಳಲ್ಲೂ ಅದಿರುತ್ತದೆ, ಚೀಟಿ ಓದಿ. ರಾಯಚೂರು, ಕಲಬುರಗಿಯಂಥ ಬಿಸಿಲೂರಿನವರು ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಇಡದೆ ಸಿಗಡಿ ಸಾಕುವ ಸಾಹಸ ಮಾಡದಿರುವುದು ಲೇಸು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಅಂದರೆ ಕಲ್ಲುಮಣ್ಣು ಕಳೆದು 45 ಲೀಟರ್ ನೀರು. ಅದಕ್ಕೆ ಐದಾರು ಅಮಾನೊ ಸಿಗಡಿ, ಎರಡು ನೆರೈಟ್ ಸಾಕು. ಒಟ್ಟೊ ಬೇಕೇ ಬೇಕೆಂದರೆ ಮೂರು ತಿಂಗಳ ಮೇಲೆ. ಈಗಾಗಲೇ ಮನೆಯಲ್ಲಿ ಸಕ್ಕರ್ ಬೆಳೆದು ನಿಂತಿದ್ದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಗೆಳೆಯರಿಗೆ ದಾಟಿಸಿ. ಕೆರೆಗೆ ಮಾತ್ರ ಬಿಡಬೇಡಿ.