ಥಾಯ್ ಹೋಟೆಲಿನಲ್ಲಿ ‘ವೆಜ್’ ಎಂದರೇನು?

ರಜೆಯ ದಿನ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋಗುವುದು ಕೊಲ್ಲಿ ದೇಶಗಳಲ್ಲಿರುವ ನಮಗೆ ರೂಢಿಯಾಗಿದೆ. ಉಡುಪಿ ಹೋಟೆಲು, ಅರಬ್ಬೀ ಊಟ, ಚೈನೀಸ್ ಎಲ್ಲವೂ ಆದ ಮೇಲೆ ಮಕ್ಕಳು ಈಗ ಬೀದಿಯ ಕೊನೆಯಲ್ಲಿರುವ ಥಾಯ್ ಹೋಟೆಲಿಗೆ ಹೋಗೋಣ ಎನ್ನುತ್ತಾರೆ. ಹತ್ತು ಹನ್ನೆರಡು ಮೇಜು, ಗೋಡೆಗೊಂದು ಆನೆಯ ಚಿತ್ರ, ಫೋಟೋಗಳಿರುವ ಮೆನು, ಇಷ್ಟೇ ಇರುವ ಸಣ್ಣ ಹೋಟೆಲುಗಳವು. ಅನ್ನ, ತೆಂಗಿನ ಹಾಲು, ಹುಣಸೆಹಣ್ಣು, ತಾಳೆಬೆಲ್ಲ, ಹಸಿಮೆಣಸಿನಕಾಯಿ ಎಂದು ಓದುತ್ತಾ ಹೋದರೆ ನಮ್ಮ ಕರಾವಳಿಯ ಅಡುಗೆಮನೆಯೇ ನೆನಪಾಗುತ್ತದೆ. ಈ ಪರಿಚಯದ ಭಾವದಲ್ಲೇ ಸಸ್ಯಾಹಾರಿಗಳು ಎಡವುವುದುಂಟು.

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಹೆಚ್ಚಾಗಿ ಮಾಡುವುದು ‘ನಾಮ್ ಪ್ಲಾ’. ನಾಮ್ ಎಂದರೆ ನೀರು, ಪ್ಲಾ ಎಂದರೆ ಮೀನು. ಸಣ್ಣ ಮೀನುಗಳಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸವದು. ಇನ್ನೊಂದು ಪದಾರ್ಥದ ಹೆಸರು ಕೇಳಿದರೆ ಮಕ್ಕಳಿಗೆ ನಗು ಬರುತ್ತದೆ: ‘ಕಪಿ’! ಮಂಗನಿಗೂ ಅದಕ್ಕೂ ಸಂಬಂಧವಿಲ್ಲ. ಅದು ಪುಟ್ಟ ಸಿಗಡಿಗಳನ್ನು ಉಪ್ಪು ಹಾಕಿ ಹುದುಗಿಸಿ ಅರೆದ ಮುದ್ದೆ. ಗ್ರೀನ್ ಕರಿ, ರೆಡ್ ಕರಿಗಳ ಮಸಾಲೆಯನ್ನು ಅರೆಯುವಾಗಲೇ ಇದನ್ನು ಸೇರಿಸುತ್ತಾರೆ. ಹಾಗಾಗಿ ಮೆನುವಿನಲ್ಲಿ ‘ವೆಜಿಟೆಬಲ್ ಗ್ರೀನ್ ಕರಿ’ ಎಂದಿದ್ದರೂ, ತಟ್ಟೆಯಲ್ಲಿ ಬದನೆಕಾಯಿ ಮತ್ತು ತೋಫು ಮಾತ್ರ ಕಂಡರೂ, ಅದರಲ್ಲಿ ಮೀನು, ಸಿಗಡಿ ಎರಡೂ ಇರಬಹುದು. ಹೋಟೆಲಿನವರು ಮೋಸ ಮಾಡುತ್ತಿದ್ದಾರೆ ಎಂದಲ್ಲ. ಮಾಂಸದ ತುಂಡು ಇಲ್ಲ ಎಂಬುದೇ ಹಲವರ ಲೆಕ್ಕದಲ್ಲಿ ‘ವೆಜ್’. ನಾವು ಸಾರಿಗೆ ಇಂಗು ಹಾಕಿದ್ದನ್ನು ಯಾರಿಗೂ ಪ್ರತ್ಯೇಕವಾಗಿ ಹೇಳುವುದಿಲ್ಲವಲ್ಲ, ಅವರಿಗೆ ನಾಮ್ ಪ್ಲಾ ಕೂಡ ಹಾಗೆಯೇ.

ಆದ್ದರಿಂದ “ಇದು ವೆಜ್ಜಾ?” ಎಂಬ ಪ್ರಶ್ನೆ ಸಾಲದು. ಫಿಶ್ ಸಾಸ್ ಇದೆಯೇ, ಶ್ರಿಂಪ್ ಪೇಸ್ಟ್ ಇದೆಯೇ, ಆಯ್ಸ್ಟರ್ ಸಾಸ್ ಇದೆಯೇ, ಮೊಟ್ಟೆ ಇದೆಯೇ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಅಡುಗೆಯವರನ್ನು ಕೇಳಿ ಬರಲು ಹೇಳುವುದರಲ್ಲಿ ಸಂಕೋಚವೇನಿಲ್ಲ. ಕರಿಯ ಮಸಾಲೆ ಮೊದಲೇ ತಯಾರಾಗಿರುವುದರಿಂದ ಅದರಿಂದ ಏನನ್ನೂ ತೆಗೆಯಲಾಗದು. ತರಕಾರಿ ಹುರಿದದ್ದು, ಅನ್ನ ಹುರಿದದ್ದು, ನೂಡಲ್ಸ್ ಇವನ್ನು ಕೇಳಿದ ಮೇಲೆಯೇ ಬಾಣಲೆಗೆ ಹಾಕುತ್ತಾರೆ. ಫಿಶ್ ಸಾಸ್ ಬದಲು ಸೋಯಾ ಸಾಸ್ ಅಥವಾ ಉಪ್ಪು ಹಾಕಿ ಎಂದರೆ ನಡೆಯುತ್ತದೆ. ಟಾಮ್ ಯಮ್ ಸೂಪು, ಹಸಿ ಪರಂಗಿಕಾಯಿಯ ‘ಸೋಮ್ ತಮ್’ ಇವುಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಸೋಮ್ ತಮ್ ನೋಡಲು ನಮ್ಮ ಕೋಸಂಬರಿಯಂತಿದ್ದರೂ ಅದರಲ್ಲಿ ಒಣ ಸಿಗಡಿ ಹಾಕುವುದು ಸಾಮಾನ್ಯ.

ಕಡಲೆಕಾಯಿ ಆಗದ ಮಕ್ಕಳಿರುವ ಪೋಷಕರು ಕುಳಿತ ಕೂಡಲೇ ಆ ವಿಷಯ ತಿಳಿಸಬೇಕು. ಪ್ಯಾಡ್ ಥಾಯ್, ಸೋಮ್ ತಮ್, ಸತೇ ಜೊತೆಯ ಚಟ್ನಿ, ಮಸ್ಸಮನ್ ಕರಿ ಎಲ್ಲದರಲ್ಲೂ ಅದಿರುತ್ತದೆ. ಮೇಲೆ ಉದುರಿಸಿದ್ದನ್ನು ತೆಗೆದಿಟ್ಟರೆ ಸಾಲದು, ಏಕೆಂದರೆ ಒಂದೇ ಬಾಣಲೆಯಲ್ಲಿ ಎಲ್ಲವನ್ನೂ ಹುರಿಯುವುದುಂಟು.

ಭಾಷೆ ಕಲಿಸುವ ನನಗೆ ಮೆನುವಿನ ಪದಗಳೇ ಅರ್ಧ ಊಟ. ಥಾಯ್ ಭಾಷೆಯಲ್ಲಿ ಊಟಕ್ಕೆ ‘ಆಹಾನ್’ ಎನ್ನುತ್ತಾರೆ. ನಮ್ಮ ‘ಆಹಾರ’ವೇ ಅದು. ಗುರುವಿಗೆ ‘ಖ್ರೂ’. ಸಸ್ಯಾಹಾರಕ್ಕೆ ‘ಮಾಂಗ್ಸವಿರತ್’, ಅಂದರೆ ಮಾಂಸ-ವಿರತಿ! ಇದಕ್ಕಿಂತ ಕಟ್ಟುನಿಟ್ಟಾದದ್ದು ‘ಜೇ’. ಅದರಲ್ಲಿ ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಥಾಯ್ಲೆಂಡಿನಲ್ಲಿ ಪ್ರತಿವರ್ಷ ಬಹುಮಟ್ಟಿಗೆ ನಮ್ಮ ನವರಾತ್ರಿಯ ಹೊತ್ತಿಗೇ ಒಂಬತ್ತು ದಿನ ಜೇ ಹಬ್ಬ ನಡೆಯುತ್ತದೆ. ಆಗ ಅಂಗಡಿಗಳ ಮುಂದೆ ಹಳದಿ ಬಾವುಟಗಳಲ್ಲಿ ಆ ಪದವನ್ನು ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಅದು ನಮ್ಮ ಕಣ್ಣಿಗೆ 17 ಎಂಬ ಅಂಕಿಯಂತೆ ಕಾಣುತ್ತದೆ. ಅಡುಗೆಯವರು ಥಾಯ್ ಆಗಿದ್ದರೆ ‘ಜೇ’ ಎಂಬ ಒಂದೇ ಪದ ನಮ್ಮ ಹತ್ತು ವಾಕ್ಯಗಳ ಕೆಲಸ ಮಾಡೀತು.

ಖಾರದ ಕಥೆಯೂ ಸ್ವಾರಸ್ಯವಾದದ್ದು. ಮೆಣಸಿನಕಾಯಿ ಅಮೆರಿಕ ಖಂಡದ್ದು. 16ನೇ ಶತಮಾನದಿಂದೀಚೆಗೆ ಪೋರ್ಚುಗೀಸರ ವ್ಯಾಪಾರದ ಮೂಲಕ ಏಷ್ಯಾದಲ್ಲಿ ಹರಡಿತು. ನಾವು ಹಳೆಯ ‘ಮೆಣಸು’ ಪದದಿಂದಲೇ ಹೊಸ ಕಾಯಿಗೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟು, ಹಳೆಯದನ್ನು ಬೇರೆಯಾಗಿ ಗುರುತಿಸಲು ‘ಕಾಳುಮೆಣಸು’ ಎಂದೆವು. ಥಾಯ್ ಜನರೂ ‘ಪ್ರಿಕ್’ ಎಂಬ ಹೆಸರನ್ನು ಹೊಸ ಕಾಯಿಗೆ ಕೊಟ್ಟು, ಕಾಳುಮೆಣಸಿಗೆ ‘ಪ್ರಿಕ್ ಥಾಯ್’ ಎಂದರು. ಖಾರ ಬೇಡವೆಂದರೆ ‘ಮಾಯ್ ಪೆಟ್’ ಎನ್ನಿ.

ಇನ್ನು ಊಟದ ಕ್ರಮ. ಒಬ್ಬೊಬ್ಬರಿಗೆ ಒಂದೊಂದು ಎಂದು ತರಿಸದೆ, ಮೂರು ನಾಲ್ಕು ಬಗೆಯನ್ನು ಮೇಜಿನ ಮಧ್ಯೆ ಇಟ್ಟು ಹಂಚಿಕೊಳ್ಳುವುದು ಅವರ ಪದ್ಧತಿ. ಆದರೆ ಮೇಜಿನಲ್ಲಿ ಮಾಂಸಾಹಾರಿಗಳೂ ಇದ್ದರೆ ಚಮಚಗಳನ್ನು ಬೇರೆ ಇಡಿಸಿಕೊಳ್ಳಿ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ತಳ್ಳಿ ತಿನ್ನುತ್ತಾರೆ. ಕಡ್ಡಿಗಳು ಬರುವುದು ನೂಡಲ್ಸಿಗೆ ಮಾತ್ರ. ಸೂಪಿನಲ್ಲಿ ಸಿಗುವ ನಿಂಬೆಹುಲ್ಲಿನ ತುಂಡು, ಗಟ್ಟಿ ಎಲೆಗಳನ್ನು ಅಗಿಯಬೇಡಿ. ಕರಿಬೇವಿನಂತೆ ಪಕ್ಕಕ್ಕಿಡಿ.

ಕೊನೆಗೆ ಸಿಹಿ. ಅಂಟು ಅಕ್ಕಿಯ ಅನ್ನಕ್ಕೆ ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಮಾವಿನಹಣ್ಣಿನ ಜೊತೆ ಕೊಡುತ್ತಾರೆ. ಇದಕ್ಕೆ ಮೇಲಿನ ಪ್ರಶ್ನೆಗಳ ಅಗತ್ಯವಿಲ್ಲ. ಹಣ್ಣಿನ ಕಾಲದಲ್ಲಿ ಬೇಗ ಮುಗಿದುಹೋಗುತ್ತದೆ, ಊಟ ಹೇಳುವಾಗಲೇ ಇದನ್ನೂ ಹೇಳಿಬಿಡಿ.