ಫಿಲ್ಟರಿಗಿಂತ ಮೊದಲು ಬಾವಿ

ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಕೊಡಬೇಕೆಂಬ ಕಾನೂನು ಜಾರಿಯಾದದ್ದು 2014ರ ಏಪ್ರಿಲ್ 1ರಂದು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿಯ ನಿವ್ವಳ ಆಸ್ತಿ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಶುದ್ಧ ಕುಡಿಯುವ ನೀರು ಕಾಯ್ದೆಯ ಪಟ್ಟಿಯಲ್ಲೇ ಇದೆ. ಹಣ ಕಡಿಮೆಯೆಂಬ ದೂರಿಗಿಂತ ಅದು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಮುಖ್ಯ. ಶಾಲೆಯಲ್ಲಿ ನೀರು ಶುದ್ಧಗೊಳಿಸುವ ಮಿಂಚುವ ಆರ್‌ಒ ಯಂತ್ರ, ಪಕ್ಕದಲ್ಲಿ ಹೆಸರಿನ ಫಲಕ, ಫೋಟೊ: ಇದು ಸುಲಭದ ದಾರಿ. ಶಿರ್ತಾಡಿ, ಬೆಳ್ತಂಗಡಿ, ಬಂಟ್ವಾಳದ ಕಡೆಗೆ ಮಾತ್ರ ಅದು ಹೆಚ್ಚಿನಂಶ ತಪ್ಪು ದಾರಿ.

ಪಾವಗಡದಲ್ಲಿ ಆರ್‌ಒ ಬೇಕು. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೂ ಅದು ಹೋಗದು. ನಮ್ಮ ಕರಾವಳಿಯ ಒಳನಾಡಿನ ಕಥೆ ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದರೂ ಮುರಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ, ಏಪ್ರಿಲಿಗೆ ಬಾವಿಯ ತಳ ಕಾಣುತ್ತದೆ. ಮಳೆಯಿಂದ ತುಂಬುವ ಈ ನೀರಿನಲ್ಲಿ ಸಾಮಾನ್ಯವಾಗಿ ಲವಣ ಕಡಿಮೆ. ಕೆಲವೆಡೆ ಕಬ್ಬಿಣದ ಅಂಶ ಇರುತ್ತದೆ, ಆದರೆ ದೊಡ್ಡ ಭಯ ರೋಗಾಣುವಿನದು. ಕಟ್ಟೆಯಿಲ್ಲದ ಬಾವಿಗೆ ಮಳೆಗಾಲದ ಕೊಚ್ಚೆ ಇಳಿಯುತ್ತದೆ, ಹತ್ತಿರದ ಶೌಚಾಲಯದ ಗುಂಡಿಯಿಂದ ಒಸರು ಬರುತ್ತದೆ. ಆರ್‌ಒ ರೋಗಾಣುವನ್ನೂ ತೆಗೆಯುತ್ತದಲ್ಲ, ಇದ್ದರೆ ತಪ್ಪೇನು ಎನ್ನಬಹುದು. ತೆಗೆಯುತ್ತದೆ, ನಿಜ. ಆದರೆ ಒಳಗೆ ಹೋದ ನೀರಿನ ದೊಡ್ಡ ಪಾಲನ್ನು ಹೊರಗೆ ಚೆಲ್ಲುತ್ತದೆ, ಅದೂ ನೀರಿಲ್ಲದ ಏಪ್ರಿಲಿನಲ್ಲಿ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿದ್ದು ಈ ಪೋಲಿನ ಕಾರಣಕ್ಕೇ.

ಅದೇ ದುಡ್ಡಿನಲ್ಲಿ ಬಾವಿಗೆ ಎತ್ತರದ ಕಟ್ಟೆ, ಮೇಲೆ ಬಲೆ, ಸುತ್ತ ಸಿಮೆಂಟು ಹಾಸು ಹಾಕಿಸಬಹುದು. ಶಾಲೆಯ ಮಾಡಿನ ನೀರನ್ನು ಮರಳು, ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೆ ಇಳಿಸಬಹುದು. ಅಳತೆ ನೋಡಿ ಕ್ಲೋರಿನ್ ಹಾಕಬಹುದು. ರೋಗಾಣುವಿನ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಎಚ್‌ಟುಎಸ್ ಪರೀಕ್ಷೆಯ ಪುಟ್ಟ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬಿಟ್ಟರೆ ಕಲುಷಿತ ನೀರು ಕಪ್ಪಾಗುತ್ತದೆ. ಏಳನೇ ತರಗತಿಯ ಮಕ್ಕಳೂ ಓದಬಲ್ಲ ಫಲಿತಾಂಶ ಅದು. (ಫೋಟೊದಲ್ಲಿ ಚೆನ್ನಾಗಿ ಕಾಣದು, ಅಷ್ಟೇ.)

ನಾವು ಕಂಪನಿ, ಪಂಪು ರಿಪೇರಿಯ ಇಲಾಖೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಊರಿಗೆ ನೀರು ಕೊಡುವ ಹೊಣೆ ಕೊನೆಗೂ ಪಂಚಾಯಿತಿಯದು. ಆದರೆ ಮುಂದುವರಿಯುವ ಯೋಜನೆಗೆ, ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಮಾಡಲು ನಿಯಮ ಅವಕಾಶ ಕೊಡುತ್ತದೆ. ಬಾವಿಯನ್ನು ನೋಡಿಕೊಳ್ಳುವುದನ್ನು ಶಾಲೆಗೂ ಪಂಚಾಯಿತಿಗೂ ಕಲಿಸಿ ಒಪ್ಪಿಸಲು ಅಷ್ಟು ಸಮಯ ಧಾರಾಳ. ಉದ್ಘಾಟನೆಯ ಮರುದಿನವೇ ಕೈತೊಳೆದುಕೊಳ್ಳುವುದಕ್ಕೆ ಕಾನೂನು ನೆಪವಾಗದು.

ಕಂಪನಿಗೆ ಮನವಿ ಬರೆಯಲು ಹೊರಟಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಯಂತ್ರದ ಕೊಟೇಶನ್ ತರಿಸುವ ಮೊದಲು ತಮ್ಮ ಬಾವಿಯ ನೀರಿನ ಎರಡು ಪರೀಕ್ಷಾ ವರದಿ ಮಾಡಿಸಿ ಅರ್ಜಿಗೆ ಲಗತ್ತಿಸಲಿ: ಏಪ್ರಿಲಿನದೊಂದು, ಜುಲೈಯದೊಂದು.