ಬ್ಯಾಟರಿ ಚಾಲಿತ ಸಿಂಪರಣಾ ಯಂತ್ರಕ್ಕೆ ಸೂಕ್ತ ಚಾರ್ಜರ್‌ನ ಆಯ್ಕೆ

ತೊಗರಿ ಹೂವಾಡುವ ಹಂತದಲ್ಲಿ ಕಾಯಿಕೊರಕದ ಮರಿಹುಳುಗಳು ಕಾಣಿಸಿಕೊಂಡಾಗ ಸಿಂಪರಣೆಯನ್ನು ಮುಂದೂಡಲಾಗದು. ಹುಳು ಬಲಿತಷ್ಟೂ ಕೀಟನಾಶಕಕ್ಕೆ ಮಣಿಯುವುದು ಕಡಿಮೆ. ಅಂತಹ ಸಮಯದಲ್ಲಿ ಬ್ಯಾಟರಿ ಪಂಪು ಎರಡು ಟ್ಯಾಂಕ್ ಸಿಂಪಡಿಸುವಷ್ಟರಲ್ಲಿ ನಿಂತುಹೋದರೆ, ಬ್ಯಾಟರಿಯೇ ಹಾಳಾಗಿದೆ ಎಂದು ಭಾವಿಸುವುದು ಸಹಜ. ಆದರೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ ಚಾರ್ಜರ್‌ನ ಮೇಲಿನ ಚೀಟಿಯನ್ನು ಒಮ್ಮೆ ಓದಿ ನೋಡುವುದು ಒಳಿತು.

ಯಂತ್ರದ ಮೇಲೆ ‘12 ವೋಲ್ಟ್’ ಎಂದಿರುವುದರಿಂದ ಮನೆಯ ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅಡಾಪ್ಟರ್ ಸಾಕು ಎಂಬ ತಿಳಿವಳಿಕೆ ಸರಿಯಲ್ಲ. 12 ವೋಲ್ಟ್ ಎಂಬುದು ಬ್ಯಾಟರಿಗೆ ರೂಢಿಯಲ್ಲಿರುವ ಹೆಸರು ಮಾತ್ರ. ಪೂರ್ಣ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿಯು ಸುಮ್ಮನಿರುವಾಗಲೇ ಸುಮಾರು 12.7 ವೋಲ್ಟ್ ತೋರಿಸುತ್ತದೆ. ತಗ್ಗಿನ ತೊಟ್ಟಿಯಿಂದ ಎತ್ತರದ ತೊಟ್ಟಿಗೆ ನೀರು ತಾನಾಗಿ ಏರದಂತೆ, 12 ವೋಲ್ಟ್‌ಗೆ ನಿಲ್ಲುವ ಅಡಾಪ್ಟರ್ ಈ ಬ್ಯಾಟರಿಯನ್ನು ಎಂದಿಗೂ ತುಂಬಿಸಲಾರದು. ಚಾರ್ಜರ್ 14.4 ವೋಲ್ಟ್‌ನ ಆಸುಪಾಸಿಗೆ ಏರಬೇಕು. ಅರೆ ಚಾರ್ಜ್‌ನಲ್ಲೇ ಉಳಿಯುತ್ತಾ ಬಂದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆ ಬಳಿಕ ಸರಿಯಾದ ಚಾರ್ಜರ್ ತಂದರೂ ಹಳೆಯ ಸಾಮರ್ಥ್ಯ ಪೂರ್ತಿ ಮರಳುವುದಿಲ್ಲ.

ಇತ್ತೀಚಿನ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿಗಳೂ ಬರುತ್ತಿದ್ದು, ಇಲ್ಲಿ ತಪ್ಪು ಇನ್ನೂ ಅಪಾಯಕಾರಿ. ಮೂರು ಕೋಶಗಳ ಲಿಥಿಯಂ-ಅಯಾನ್ ಬ್ಯಾಟರಿಯ ಮಿತಿ ಸಾಮಾನ್ಯವಾಗಿ 12.6 ವೋಲ್ಟ್, ನಾಲ್ಕು ಕೋಶಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯದು 14.6 ವೋಲ್ಟ್. ಮೊದಲನೆಯದಕ್ಕೆ ಸೀಸ-ಆಮ್ಲ ಬ್ಯಾಟರಿಯ ಚಾರ್ಜರ್ ಜೋಡಿಸಿ, ಒಳಗಿನ ರಕ್ಷಣಾ ಸರ್ಕ್ಯೂಟ್ ಕೆಲಸ ಮಾಡದೆ ಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಪಿನ್ ಹೊಂದಿಕೊಂಡಿತೆಂದ ಮಾತ್ರಕ್ಕೆ ಚಾರ್ಜರ್ ಹೊಂದಿಕೊಂಡಂತಲ್ಲ.

ಇನ್ನು ಆಂಪಿಯರ್. ಎಲ್‌ಇಡಿ ದೀಪದಂತಹ ಉಪಕರಣವು ತನಗೆ ಬೇಕಾದಷ್ಟು ಕರೆಂಟನ್ನು ಮಾತ್ರ ಎಳೆದುಕೊಳ್ಳುವುದರಿಂದ, ವೋಲ್ಟ್ ಸರಿಯಿದ್ದರೆ ಹೆಚ್ಚು ಆಂಪಿಯರ್‌ನ ಅಡಾಪ್ಟರ್ ತೊಂದರೆ ಕೊಡದು. ಬ್ಯಾಟರಿಯ ವಿಷಯ ಹಾಗಲ್ಲ. 12 ವೋಲ್ಟ್, 8 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಗೆ 2 ಆಂಪಿಯರ್ ಮೀರದಿರುವುದು ಕ್ಷೇಮ; ಟ್ರ್ಯಾಕ್ಟರ್ ಬ್ಯಾಟರಿಯ ಚಾರ್ಜರನ್ನು ಇದಕ್ಕೆ ಬಳಸಬಾರದು. 1.7 ಆಂಪಿಯರ್ ಚಾರ್ಜರ್‌ನಿಂದ, ನಷ್ಟವನ್ನೂ ಸೇರಿಸಿದರೆ, ಬರಿದಾದ ಬ್ಯಾಟರಿ ತುಂಬಲು 6ರಿಂದ 7 ಗಂಟೆ ಬೇಕು. ಸಂಜೆ ಒಂದೆರಡು ಗಂಟೆ ಜೋಡಿಸಿ ಬೆಳಿಗ್ಗೆ ಹೊಲಕ್ಕೆ ಒಯ್ದರೆ ದಿನದ ಕೆಲಸ ಮುಗಿಯದು.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಭೇಟಿಗೆ ಮಲ್ಟಿಮೀಟರ್ ಒಯ್ಯುವುದು ಉಪಯುಕ್ತ. ಮೊದಲು ಪ್ಲಸ್-ಮೈನಸ್ ತುದಿಗಳು ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೀಸ-ಆಮ್ಲ ಬ್ಯಾಟರಿಯನ್ನು ಹಲವು ಗಂಟೆ ಚಾರ್ಜ್ ಮಾಡಿದ ನಂತರವೂ, ಚಾರ್ಜರ್ ಜೋಡಿಸಿರುವಾಗಲೇ ಅದರ ತುದಿಗಳಲ್ಲಿ 13 ವೋಲ್ಟ್ ದಾಟದಿದ್ದರೆ, ಸರಿಯಾಗಿ ಕೆಲಸ ಮಾಡುವ ಅದೇ ಬಗೆಯ ಮತ್ತೊಂದು ಚಾರ್ಜರ್ ಜೋಡಿಸಿ ನೋಡಿರಿ. ಆಗಲೂ ಏರದಿದ್ದರೆ ಮಾತ್ರ ಬ್ಯಾಟರಿ ಬದಲಿಸುವ ಮಾತು. ಹಂಗಾಮು ಮುಗಿದ ಮೇಲೆ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡುತ್ತಿರಬೇಕು.